ಮೂಲಂಗಿಯ ಬೆಲೆ ಕಟ್ಟುವವರು ಯಾರು?

ಮಾಗಿಯ ಚಳಿಯಲ್ಲಿ ನಮ್ಮ ಪೇಟೆಗೆ ಬರುವ ಮೂಲಂಗಿಯನ್ನು ಕೇಳುವವರಿಲ್ಲ. ಬೆಳಗಿನ ಹರಾಜು ಮುಗಿದ ಮೇಲೆ ಬಿಕರಿಯಾಗದೆ ಉಳಿದ ಕಟ್ಟುಗಳನ್ನು ಬೀದಿ ದನಗಳು ಮೇಯುತ್ತವೆ. ತಂದ ರೈತ ಬರಿಗೈಯಲ್ಲಿ ಬಸ್ ನಿಲ್ದಾಣದ ಕಡೆಗೆ ನಡೆಯುತ್ತಾನೆ. ಅದೇ ಮೂಲಂಗಿ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಹೆಬ್ಬೆರಳ ಗಾತ್ರಕ್ಕೆ ಇಳಿದು, ನಾಲಿಗೆ ಸುಡುವಷ್ಟು ಖಾರವಾಗಿ, ಚಳಿಗಾಲದ ಬೆಲೆಯ ಹಲವು ಪಟ್ಟು ಕೇಳುತ್ತದೆ. ಎರಡು ಕಾಲದಲ್ಲಿಯೂ ಪಾಳಿ ಮುಗಿಸಿ ಬಂದ ಗಿರಣಿ ಕಾರ್ಮಿಕ ಸಂಜೆ ಬುಟ್ಟಿಯ ಮುಂದೆ ನಿಂತು ಚೌಕಾಶಿ ಮಾಡುತ್ತಾನೆ. ಎರಡು ಕಾಲದಲ್ಲಿಯೂ ಬುಟ್ಟಿಯ ಹೆಣ್ಣುಮಗಳು ಬೈಗುಳ ಕೇಳುತ್ತಾಳೆ. ಬಡವನ ಕೋಪ ದವಡೆಗೆ ಮೂಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನಮ್ಮ ಕೋಪವೆಲ್ಲ ಎರಡು ಮೊಳ ದೂರದಲ್ಲಿ ಕುಳಿತ, ನಮಗಿಂತ ಬಡವಳಾದ ಒಬ್ಬಳ ಮೇಲೆ ತೀರಿಹೋಗುತ್ತದೆ. ಅದರ ಹಿಂದಿರುವ ಲೆಕ್ಕವನ್ನು ಕೇಳುವ ಶಕ್ತಿ ಆಮೇಲೆ ಉಳಿದಿರುವುದಿಲ್ಲ.

ಮೂಲಂಗಿಯೂ ಒಂದು ರಾಜಕೀಯ ಪ್ರಶ್ನೆಯೇ ಎಂದು ಕೆಲವರಿಗೆ ನಗು ಬಂದೀತು. ನಗಲಿ. ಈ ದೇಶದ ಬಡವನ ದಿನದ ಆದಾಯ ಮೂರಾಣೆಯೋ ಹದಿನೈದಾಣೆಯೋ ಎಂದು 1963ರಲ್ಲಿ ಲೋಹಿಯಾ ಲೋಕಸಭೆಯಲ್ಲಿ ಲೆಕ್ಕ ಕೇಳಿದಾಗಲೂ ನಕ್ಕವರಿದ್ದರು. ಅವರ 'ದಾಮ್ ಬಾಂಧೋ' ನೀತಿಯ ತಿರುಳೇ ಇದು: ಒಂದು ಸುಗ್ಗಿಗೂ ಮುಂದಿನ ಸುಗ್ಗಿಗೂ ನಡುವೆ ದವಸದ ಬೆಲೆ ಮನಬಂದಂತೆ ಏರಿಳಿಯಬಾರದು, ಅದಕ್ಕೊಂದು ಮಿತಿ ಇರಬೇಕು. ದವಸವನ್ನಾದರೂ ಸರಕಾರ ಉಗ್ರಾಣದಲ್ಲಿಟ್ಟು ಬೆಲೆ ಹಿಡಿಯಬಹುದು. ಮೂಲಂಗಿಯನ್ನು ಯಾವ ಉಗ್ರಾಣದಲ್ಲಿಡುತ್ತೀರಿ? ಆದುದರಿಂದ ಮೂಲಂಗಿಯ ಬೆಲೆಯನ್ನು ಕಟ್ಟಬೇಕಾದರೆ ಅದನ್ನು ಬೆಳೆಯುವಲ್ಲಿಯೇ, ಕೊಳ್ಳುವಲ್ಲಿಯೇ ಕಟ್ಟಬೇಕು. ಬೆಳೆಯುವವ, ಮಾರುವವ, ಕೊಳ್ಳುವವ ಈ ಮೂವರೂ ಒಂದು ಕಡೆ ಕುಳಿತರೆ ಅದು ಆಗದ ಮಾತಲ್ಲ ಎಂಬುದೇ ನಮ್ಮ ವಾದ.

ಮೊದಲು ಬೆಳೆಯ ಗುಣವನ್ನು ನೋಡೋಣ. ಅದನ್ನು ತಿಳಿಯದೆ ಬೆಲೆಯ ಮಾತು ಆಡಿದರೆ ಪೊಳ್ಳು ಭಾಷಣವಾಗುತ್ತದೆ.

ಮೂಲಂಗಿ ಸಾಸಿವೆ, ಎಲೆಕೋಸುಗಳ ಕುಲದ್ದು. ಅದರ ಖಾರವೂ ಸಾಸಿವೆಯ ಖಾರದ ದಾಯಾದಿಯೇ. ಬೇರನ್ನು ಕೊಯ್ದಾಗ, ಅಗಿದಾಗ ಹುಟ್ಟುವಂಥದ್ದು. ಬಿತ್ತಿದ 40ರಿಂದ 55 ದಿನಗಳಲ್ಲಿ ಕೀಳಲು ಬರುತ್ತದೆ. ತರಕಾರಿಗಳಲ್ಲಿ ಇಷ್ಟು ಬೇಗ ಕೈಗೆ ಬರುವುದು ಸೊಪ್ಪು ಬಿಟ್ಟರೆ ಇದೇ. ಆದ್ದರಿಂದಲೇ ಕೈಯಲ್ಲಿ ಕಾಸಿಲ್ಲದ, ಸಾಲದ ಕಂತು ತಲೆಯ ಮೇಲೆ ನಿಂತಿರುವ ಸಣ್ಣ ಹಿಡುವಳಿದಾರ ಇದನ್ನು ಹಾಕುತ್ತಾನೆ. ಎರಡು ತಿಂಗಳೊಳಗೆ ಏನಾದರೂ ಹಣ ಕಾಣಬೇಕು ಎಂಬುದೇ ಅವನ ಲೆಕ್ಕ.

ಇದು ತಂಪು ಬೆಳೆ. ಬೇರು ಗರಿಗರಿಯಾಗಿ, ನಾರಿಲ್ಲದೆ, ಹಿತವಾದ ಖಾರದಲ್ಲಿ ಬೆಳೆಯಲು 10ರಿಂದ 15 ಡಿಗ್ರಿ ಸೆಲ್ಸಿಯಸ್‌ನ ತಂಪು ಒಳ್ಳೆಯದು. ನಮ್ಮ ಸೀಮೆಯಲ್ಲಿ ಆ ತಂಪು ಸಿಗುವುದು ಚಳಿಗಾಲದ ರಾತ್ರಿಗಳಲ್ಲಿ ಮಾತ್ರ. ಉತ್ತರೆ ಮಳೆ ಕಳೆದು ಹಸ್ತ ಹುಟ್ಟುವ ಹೊತ್ತಿಗೆ, ಎಂದರೆ ಸೆಪ್ಟೆಂಬರ್ ಕೊನೆಗೆ, ಬಿತ್ತಿದ್ದು ನವೆಂಬರ್ ನಡುವಿಗೆ ಬರುತ್ತದೆ. ಆಗ ಬಾವಿಯಲ್ಲಿ ನೀರು ಇರುತ್ತದೆ, ಹುಳದ ಕಾಟ ಕಡಿಮೆ, ಬೇರು ಮೊಳಕೈ ಉದ್ದ ಬೆಳೆಯುತ್ತದೆ. ಇಷ್ಟು ಅನುಕೂಲ ಇರುವ ಕಾಲವನ್ನು ಯಾರು ಬಿಡುತ್ತಾರೆ? ಎಲ್ಲರೂ ಬಿತ್ತುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಎಲ್ಲರದೂ ಒಟ್ಟಿಗೆ ಬರುತ್ತದೆ. ಸಂಕ್ರಾಂತಿಯ ಸುಮಾರಿಗೆ ಅವರೆಕಾಳು ಮೂಲಂಗಿಯ ಹುಳಿ ಮನೆಮನೆಯಲ್ಲಿ ಕುದಿಯುವುದು ನಿಜ, ಆದರೆ ಒಂದು ಊರು ಎಷ್ಟು ಹುಳಿ ಕುಡಿದೀತು?

ಬೇಸಗೆಯ ಕತೆ ಇದಕ್ಕೆ ತದ್ವಿರುದ್ಧ. ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬೇಕು, ಕೊಳವೆಬಾವಿ ಆಗಲೇ ಉಸಿರು ಬಿಡುತ್ತಿರುತ್ತದೆ. ಬಿಸಿ ಹೆಚ್ಚಾದರೆ ಬೇರು ದಪ್ಪವಾಗುವ ಮೊದಲೇ ಖಾರ ಏರುತ್ತದೆ, ಒಳಗೆ ಬೆಂಡಾಗುತ್ತದೆ. ಹಗಲು ಉದ್ದವಾದಂತೆ ಗಿಡ ಬೇರಿನ ಆಸೆ ಬಿಟ್ಟು ಹೂದಂಟು ಎತ್ತುತ್ತದೆ. ಮಳೆಗಾಲದಲ್ಲಿ ಇನ್ನೊಂದು ತೊಂದರೆ: ಎಲೆಯನ್ನು ಜರಡಿ ಮಾಡುವ ಜಿಗಿ ಕೀಟ, ಬಿಳಿ ತುಕ್ಕು ರೋಗ, ಒಣಗಿದ ನೆಲಕ್ಕೆ ಜಡಿಮಳೆ ಬಿದ್ದರೆ ಬೇರೇ ಸೀಳುತ್ತದೆ. ಇಷ್ಟನ್ನೂ ಗೆದ್ದು ಬೇಸಗೆಯಲ್ಲಿ ಒಂದು ಕಟ್ಟು ಮೂಲಂಗಿ ತಂದವನು ಹೆಚ್ಚು ಬೆಲೆ ಕೇಳಿದರೆ ಅದು ಸುಲಿಗೆಯಲ್ಲ, ನೀರಿನ ಬೆಲೆ. ಇದನ್ನು ನಮ್ಮ ಕಾರ್ಮಿಕ ಬಂಧುಗಳು ಒಪ್ಪಿಕೊಳ್ಳಬೇಕು.

ಆದರೆ ವರ್ಷವಿಡೀ ಮೂಲಂಗಿ ಬೆಳೆಯಲು ಸಾಧ್ಯವೇ ಇಲ್ಲವೆಂಬುದೂ ಸುಳ್ಳು. ಬಿಸಿಲನ್ನು ತಾಳುವ ಪೂಸಾ ಚೇತ್ಕಿ ಎಂಬ ತಳಿ ದಿಲ್ಲಿಯ ಕೃಷಿ ಸಂಶೋಧನಾ ಸಂಸ್ಥೆಯಿಂದ ಬಂದಿದೆ; ಉತ್ತರದ ಬಯಲುಸೀಮೆಯಲ್ಲೇ ಅದನ್ನು ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಬಿತ್ತುತ್ತಾರೆ, 40-45 ದಿನಕ್ಕೆ ಕೀಳುತ್ತಾರೆ. ನಮ್ಮದೇ ರಾಜ್ಯದ ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ನಿಶಾಂತ್ ಎಂಬ ತಳಿಯನ್ನು ಕೊಟ್ಟಿದೆ. ಅದು ಬೇಗ ಬೆಂಡಾಗುವುದಿಲ್ಲ, ಬೇಗ ಹೂದಂಟು ಬಿಡುವುದಿಲ್ಲ, ಬೇರು ಕವಲೊಡೆಯುವುದೂ ಕಡಿಮೆ. ಜಪಾನಿ ಬಿಳಿ ಮುಂತಾದ ಶೀತದ ತಳಿಗಳ ಸಂಗತಿ ಬೇರೆ. ಅವಕ್ಕೆ ಬೀಜ ಕಟ್ಟಲು ಒಳ್ಳೆಯ ಚಳಿ ಬೇಕು, ಆದ್ದರಿಂದ ಅವುಗಳ ಬೀಜ ಕುಲು ಕಣಿವೆಯಂತಹ ಬೆಟ್ಟದ ಸೀಮೆಯಿಂದ ಬರಬೇಕು. ಚೇತ್ಕಿಯಂಥ ನಾಡು ತಳಿಯಾದರೆ ಬಯಲಿನಲ್ಲಿಯೇ ಬೀಜ ಕಟ್ಟುತ್ತದೆ. ನಾಲ್ಕು ಒಳ್ಳೆಯ ಬೇರುಗಳನ್ನು ಉಳಿಸಿ ನೆಟ್ಟು ಹೂ ಬಿಡಿಸಿದರೆ ಬೀಜ ಸಿಕ್ಕೀತು. ಆದರೆ ಜೇನುಹುಳ ಬೇಲಿ ನೋಡುವುದಿಲ್ಲ. ಒಂದು ಸಾವಿರ ಮೀಟರಿನೊಳಗೆ ಬೇರೆ ತಳಿಯ ಮೂಲಂಗಿ ಹೂ ಬಿಟ್ಟಿದ್ದರೆ ಬೀಜ ಬೆರಕೆಯಾಗುತ್ತದೆ. ಇದು ಒಬ್ಬ ರೈತನ ಕೈಯಲ್ಲಿ ಆಗುವ ಕೆಲಸವಲ್ಲ, ಒಂದು ಊರಿನ ಒಪ್ಪಂದ ಬೇಕು. ಒಪ್ಪಂದ ಇಲ್ಲದ ಕಡೆ ಕಂಪನಿಯ ಡಬ್ಬಿ ಬರುತ್ತದೆ, ಪ್ರತಿ ಬಿತ್ತನೆಗೂ ಹೊಸ ಡಬ್ಬಿ.

ನೆಲದ ಮಾತನ್ನೂ ಒಂದು ಸಾಲಿನಲ್ಲಿ ಹೇಳಿಬಿಡುತ್ತೇವೆ. ಮರಳು ಬೆರೆತ ಸಡಿಲ ಮಣ್ಣಿನಲ್ಲಿ ಬೇರು ನೇರ ಇಳಿಯುತ್ತದೆ. ಎರೆಯಲ್ಲಿ ಸೊಟ್ಟಗಾಗುತ್ತದೆ, ಹಸಿ ಗೊಬ್ಬರ ಹಾಕಿದರೆ ಕವಲೊಡೆಯುತ್ತದೆ. ಸೊಟ್ಟ ಮೂಲಂಗಿಯನ್ನು ಹರಾಜಿನಲ್ಲಿ ಅರ್ಧ ಬೆಲೆಗೆ ಕೇಳುತ್ತಾರೆ. ಸಾರಿಗೆ ಬಿದ್ದ ಮೇಲೆ ಸೊಟ್ಟದ್ದು ಯಾವುದು, ನೆಟ್ಟಗಿದ್ದುದು ಯಾವುದು?

ಇನ್ನು ಪೇಟೆಗೆ ಬರೋಣ. ಈರುಳ್ಳಿಯನ್ನು ಒಂದು ತಿಂಗಳು ಹರವಿ ಇಡಬಹುದು, ಆಲೂಗಡ್ಡೆಯನ್ನು ಶೀತಲಗೃಹಕ್ಕೆ ಕಳಿಸಬಹುದು. ಮೂಲಂಗಿಗೆ ಆ ಭಾಗ್ಯವಿಲ್ಲ. ಚಳಿಯಲ್ಲಿ ನೆಲದೊಳಗೆ ಒಂದೆರಡು ವಾರ ತಡೆದೀತು; ಬೇಸಗೆಯಲ್ಲಿ ನಾಲ್ಕು ದಿನ ತಡಮಾಡಿದರೆ ಬೆಂಡು. ಕಿತ್ತ ಮೇಲಂತೂ ಮರುದಿನವೇ ಸೊಪ್ಪು ಜೋಲುತ್ತದೆ. ಕಾಯಲು ಶಕ್ತಿಯಿಲ್ಲದವನು ಪೇಟೆಯಲ್ಲಿ ಯಾವಾಗಲೂ ಸೋಲುತ್ತಾನೆ ಎಂಬುದು ಗಿರಣಿ ಕಾರ್ಮಿಕನಿಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ. ಅವನ ದುಡಿಮೆಯೂ ಮೂಲಂಗಿಯಂತೆಯೇ: ಈ ದಿನ ಮಾರದಿದ್ದರೆ ನಾಳೆಗೆ ಎತ್ತಿಡಲಾಗದು. ಒಂದು ದಿನದ ಬೀಗಮುದ್ರೆಗೆ ಮಾಲೀಕನ ಹತ್ತಿ ಕೊಳೆಯುವುದಿಲ್ಲ, ಕಾರ್ಮಿಕನ ದಿನ ಕೊಳೆಯುತ್ತದೆ. ಹೊಲದವನೂ ಗಿರಣಿಯವನೂ ಒಂದೇ ದೋಣಿಯವರು ಎಂದು ವೇದಿಕೆಯ ಮೇಲೆ ನಾವು ಹೇಳುವುದುಂಟು. ಮೂಲಂಗಿಯ ಹರಾಜನ್ನು ಒಮ್ಮೆ ಬೆಳಿಗ್ಗೆ ಐದಕ್ಕೆ ಹೋಗಿ ನೋಡಿದರೆ ಆ ಭಾಷಣದ ಅಗತ್ಯ ಬೀಳುವುದಿಲ್ಲ.

ಅಲ್ಲಿ ಏನು ನಡೆಯುತ್ತದೆ? ಮೂಲಂಗಿಯನ್ನು ತೂಗುವ ಬದಲು ಕಟ್ಟಿನ ಲೆಕ್ಕದಲ್ಲಿ, ಕಣ್ಣಂದಾಜಿನಲ್ಲಿ ಸವಾಲು ಕೂಗುವ ರೂಢಿ ಇನ್ನೂ ಇದೆ. ತೂಗಿದರೂ ಸೂಟು ಹಿಡಿಯುತ್ತಾರೆ. ಮಣ್ಣಿಗಿಷ್ಟು, ಸೊಪ್ಪಿಗಿಷ್ಟು, ನೀರಿಗಿಷ್ಟು. ಹಮಾಲಿ, ಬಾಡಿಗೆ ಕಳೆಯುತ್ತಾರೆ. ಕೊನೆಗೆ ದಲ್ಲಾಳಿ. ನಮ್ಮ ರಾಜ್ಯದ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ 1966ರದ್ದು. ಅದರ ಕೆಳಗಿನ ನಿಯಮದ ಪ್ರಕಾರ ದಲ್ಲಾಳಿಯ ಹಣವನ್ನು ಕೊಳ್ಳುವವನಿಂದ ಪಡೆಯಬೇಕೇ ಹೊರತು ಬೆಳೆದವನ ಪಟ್ಟಿಯಲ್ಲಿ ಮುರಿದುಕೊಳ್ಳುವಂತಿಲ್ಲ. ಆದರೂ ನೂರಕ್ಕೆ ಹತ್ತರಂತೆ ರೈತನ ಕೈಯಿಂದಲೇ ಮುರಿಯುತ್ತಾರೆ ಎಂಬ ದೂರು ರಾಜ್ಯದ ಎಷ್ಟೋ ತರಕಾರಿ ಮಾರುಕಟ್ಟೆಗಳಲ್ಲಿ ವರ್ಷವರ್ಷವೂ ಕೇಳಿಬರುತ್ತದೆ. ಕಾಯಿದೆಗೆ ಅರವತ್ತು ವರ್ಷ ಸಮೀಪಿಸಿತು, ಅಥವಾ ದಾಟಿತು ಎಂದೇ ಇಟ್ಟುಕೊಳ್ಳಿ. ಪಟ್ಟಿ ಬರೆಯುವ ಕೈ ಮಾತ್ರ ಬದಲಾಗಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ.

ರಿಸರ್ವ್ ಬ್ಯಾಂಕಿನ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ ಗ್ರಾಹಕ ಕೊಡುವ ನೂರು ರೂಪಾಯಿಯಲ್ಲಿ ಬೆಳೆದವನಿಗೆ ತಲುಪುವುದು ಟೊಮೇಟೊದಲ್ಲಿ ಸುಮಾರು 33, ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37 ರೂಪಾಯಿ. ಆ ಮೂರು ಬೆಳೆಗಳನ್ನಾದರೂ ದೊಡ್ಡವರು ಲೆಕ್ಕಕ್ಕೆ ಹಿಡಿದರು. 2018ರ ಬಜೆಟ್ಟಿನಲ್ಲಿ 'ಆಪರೇಷನ್ ಗ್ರೀನ್ಸ್' ಎಂದು 500 ಕೋಟಿ ರೂಪಾಯಿ ತೆಗೆದಿಟ್ಟಾಗಲೂ ಆ ಮೂರರ ಹೆಸರೇ ಇತ್ತು. ಈರುಳ್ಳಿ ತುಟ್ಟಿಯಾದರೆ ಸರಕಾರ ಬೀಳುತ್ತದೆ, ಮೂಲಂಗಿ ತುಟ್ಟಿಯಾದರೆ ಯಾರೂ ಬೀಳುವುದಿಲ್ಲ. ಅದಕ್ಕೇ ಅದಕ್ಕೆ ಯೋಜನೆಯೂ ಇಲ್ಲ, ಲೆಕ್ಕವೂ ಇಲ್ಲ.

ಉಳಿದ ಅರವತ್ತು ಚಿಲ್ಲರೆ ರೂಪಾಯಿಯನ್ನು ಬುಟ್ಟಿಯ ಹೆಣ್ಣುಮಗಳೇ ನುಂಗುತ್ತಾಳೆ ಎಂದು ತಿಳಿಯುವವರಿಗೆ ಒಂದು ಮಾತು. ಅವಳು ನಸುಕಿನಲ್ಲಿ ಸಾಲ ತಂದು ಸರಕು ಎತ್ತುತ್ತಾಳೆ. ಬೆಳಿಗ್ಗೆ 900 ಕೊಟ್ಟು ಸಂಜೆ 1,000 ಕೇಳುವ ಬಡ್ಡಿಯವನು ಯಾವ ಪೇಟೆಯಲ್ಲಿಲ್ಲ? ಆಟೋ ಬಾಡಿಗೆ ಕೊಡುತ್ತಾಳೆ. ಕುಳಿತ ಜಾಗಕ್ಕೆ ನೆಲಬಾಡಿಗೆ ಕೊಡುತ್ತಾಳೆ. ಆ ವಸೂಲಿಯನ್ನು ಗುತ್ತಿಗೆ ಹಿಡಿದವನು ರಸೀದಿ ಹರಿದರೆ ಹರಿದ, ಇಲ್ಲವಾದರೆ ಇಲ್ಲ. ಸಂಜೆ ಉಳಿದ ಮೂಲಂಗಿ ಅವಳ ನಷ್ಟ. ನಮ್ಮಲ್ಲಿ 1979ರಲ್ಲಿ ಆಕ್ಟ್ರಾಯ್ ರದ್ದಾಯಿತು, ಸುಂಕದಕಟ್ಟೆಗಳು ಹೋದವು. ಲಾರಿಯವನ ಸುಂಕ ಹೋಯಿತು, ಬುಟ್ಟಿಯವಳ ಸುಂಕ ಉಳಿಯಿತು.

ಇವಳಿಗಾಗಿ ಕಾನೂನು ಇಲ್ಲವೇ? ಇದೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕಿಂತ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಹೆಂಗಸರು. 2018ರಲ್ಲಿ ರಾಜ್ಯ ಸರಕಾರ 'ಬಡವರ ಬಂಧು' ಎಂದು 2,000ದಿಂದ 10,000 ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲ ಸಾರಿತು. 2020ರಲ್ಲಿ ಕೇಂದ್ರದಿಂದ ಸ್ವನಿಧಿ ಬಂತು, ಮೊದಲ ಕಂತು 10,000 ಎಂದು. ಇವೆಲ್ಲ ಸರಿಯೇ. ಆದರೆ ನಮ್ಮ ಓದುಗ ವ್ಯಾಪಾರಿಗಳು ತಮ್ಮನ್ನೇ ಕೇಳಿಕೊಳ್ಳಲಿ: ನಿಮ್ಮ ಊರಿನ ವ್ಯಾಪಾರ ಸಮಿತಿಯಲ್ಲಿ ನಿಮ್ಮ ಪ್ರತಿನಿಧಿ ಯಾರು? ಕಳೆದ ಸಭೆ ಎಂದು ನಡೆಯಿತು? ಹೆಸರು ಹೇಳಲು ಬಾರದಿದ್ದರೆ ಆ ಕಾಯಿದೆ ಇನ್ನೂ ಕಾಗದದಲ್ಲಿಯೇ ಇದೆ ಎಂದು ತಿಳಿಯಬೇಕು.

ಮೂಲಂಗಿಗೇ ವಿಶೇಷವಾದ ಇನ್ನೊಂದು ವಿಷಯವಿದೆ, ನೀರು. ಬೇರು ತರಕಾರಿಯನ್ನು ಕಿತ್ತ ಮೇಲೆ ತೊಳೆಯದೆ ಮಾರಲಾಗದು. ಬೆಳ್ಳಗೆ ಹೊಳೆದರೆ ಬೆಲೆ, ಮಣ್ಣು ಮೆತ್ತಿದ್ದರೆ ಯಾರೂ ಮುಟ್ಟುವುದಿಲ್ಲ. ಎಲ್ಲಿ ತೊಳೆಯುತ್ತಾರೆ? ಹೊಲದ ಬಳಿ ನೀರಿದ್ದವನು ಅಲ್ಲಿಯೇ ತೊಳೆದು ತರುತ್ತಾನೆ. ಇಲ್ಲದವನು ದಾರಿಯಲ್ಲಿ ಸಿಕ್ಕ ಹಳ್ಳದಲ್ಲಿ, ಕಾಲುವೆಯಲ್ಲಿ ತೊಳೆಯುತ್ತಾನೆ. ಊರ ಚರಂಡಿ ಸೇರುವ ಹಳ್ಳವಾದರೂ ಅವನಿಗೆ ಬೇರೆ ದಾರಿಯಿಲ್ಲ. ದೊಡ್ಡ ಊರುಗಳ ಸುತ್ತ ಚರಂಡಿ ನೀರನ್ನೇ ಹಾಯಿಸಿ ಸೊಪ್ಪು ತರಕಾರಿ ಬೆಳೆಯುವುದೂ ಉಂಟು. ಬೆಂಗಳೂರಿನ ವೃಷಭಾವತಿಯ ದಂಡೆಯಲ್ಲಿ ಇದು ಬಹುಕಾಲದಿಂದ ತಿಳಿದ ಸಂಗತಿ. ಮೂಲಂಗಿಯನ್ನು ನಮ್ಮ ಜನ ಹಸಿಯಾಗಿ ತಿನ್ನುತ್ತಾರೆ. ಜೋಳದ ರೊಟ್ಟಿಯ ಜೊತೆ ಒಂದು ತುಂಡು ಕಡಿದುಕೊಳ್ಳುತ್ತಾರೆ, ಕೋಸಂಬರಿಗೆ ತುರಿಯುತ್ತಾರೆ. ಕುದಿಸುವ ತರಕಾರಿಗಿಂತ ಇದಕ್ಕೆ ಶುದ್ಧ ನೀರು ಹೆಚ್ಚು ಬೇಕು. ತರಕಾರಿ ಮಾರುಕಟ್ಟೆಯ ಬಾಗಿಲಲ್ಲಿ ಒಂದು ಸಿಮೆಂಟಿನ ತೊಟ್ಟಿ, ನಾಲ್ಕು ನಲ್ಲಿ, ಒಂದು ಮೋರಿ. ಇದಕ್ಕೆ ಎಷ್ಟು ಖರ್ಚು? ಮಾರುಕಟ್ಟೆಯ ಮುಂದೆ ವರ್ಷಕ್ಕೊಂದು ಕಮಾನು ಕಟ್ಟಿ ಬಣ್ಣ ಬಳಿಯುವ ಹಣದಲ್ಲಿ ಆಗಬಹುದಾದ ಕೆಲಸ. ನಗರಸಭೆಯ ಸದಸ್ಯರು ಮತ ಕೇಳಲು ಬಂದಾಗ ಕಾರ್ಮಿಕ ಬಂಧುಗಳು ರಸ್ತೆ, ದೀಪ ಕೇಳುತ್ತೀರಿ. ಮೂಲಂಗಿ ತೊಳೆಯುವ ತೊಟ್ಟಿಯನ್ನೂ ಕೇಳಿ.

ಕೊಳ್ಳುವ ವಿಷಯದಲ್ಲಿ ನಮ್ಮ ಮನೆಗಳಲ್ಲಿಯೂ ತಿದ್ದಿಕೊಳ್ಳಬೇಕಾದುದಿದೆ. ದಪ್ಪ ಮೂಲಂಗಿಯನ್ನು ಹುಡುಕಿ ಆರಿಸುವುದು ಲಾಭವಲ್ಲ. ಗಾತ್ರಕ್ಕೆ ತಕ್ಕ ತೂಕ ಇದೆಯೇ ನೋಡಬೇಕು, ಹಗುರವಾಗಿದ್ದರೆ ಒಳಗೆ ಬೆಂಡು. ತುದಿಯ ಬೇರು ಬಾಗಿಸಿದರೆ ಟಕ್ಕನೆ ಮುರಿಯಬೇಕು, ಬಳ್ಳಿಯಂತೆ ಬಾಗಬಾರದು. ಸೊಪ್ಪು ಸೆಟೆದು ನಿಂತಿದ್ದರೆ ಕಿತ್ತು ಬಹಳ ಹೊತ್ತಾಗಿಲ್ಲ. ಮನೆಗೆ ತಂದ ತಕ್ಷಣ ಸೊಪ್ಪನ್ನು ಬೇರೆ ಮಾಡಿಡಬೇಕು. ಇಲ್ಲದಿದ್ದರೆ ಅದು ಬೇರಿನ ನೀರನ್ನು ಹೀರಿ ಎರಡೂ ಕೆಡುತ್ತವೆ. ಆ ಸೊಪ್ಪನ್ನು ಎಸೆಯುವ ಪದ್ಧತಿ ಎಲ್ಲಿಂದ ಬಂತೋ ಕಾಣೆವು. ಸುಣ್ಣದ ಅಂಶ, 'ಎ' ಮತ್ತು 'ಸಿ' ಜೀವಸತ್ವ ಇವೆಲ್ಲ ಬೇರಿಗಿಂತ ಸೊಪ್ಪಿನಲ್ಲಿಯೇ ಹೆಚ್ಚು. ನಾವು ಒಂದು ಕಟ್ಟಿಗೆ ಹಣ ಕೊಟ್ಟು ಅದರ ಒಳ್ಳೆಯ ಅರ್ಧವನ್ನು ಬುಟ್ಟಿಯ ಬಳಿಯೇ ಬಿಟ್ಟು ಬರುತ್ತೇವೆ. ಬೇಳೆ ಬೆರೆಸಿ ಪಲ್ಯ ಮಾಡಿದರೆ ಮರುದಿನದ ರೊಟ್ಟಿಗೂ ಆಯಿತು. ಬೇಸಗೆಯಲ್ಲಿ ಬೇರು ಖಾರವೆಂದು ದೂರುವವರು ಆ ತಿಂಗಳುಗಳಲ್ಲಿ ಸೊಪ್ಪಿಗಾಗಿಯೇ ಎಳೆಯ ಮೂಲಂಗಿ ಕೊಳ್ಳಲಿ. 25-30 ದಿನಕ್ಕೇ ಕಿತ್ತು ಮಾರಬಹುದಾದ್ದರಿಂದ ರೈತನಿಗೂ ನೀರು ಉಳಿಯುತ್ತದೆ.

ವ್ರತದ ದಿನ, ಶ್ರಾದ್ಧದ ದಿನ ಮೂಲಂಗಿಯನ್ನು ಒಲೆಯ ಹತ್ತಿರ ಬಿಡದ ಮನೆಗಳೂ ನಮ್ಮಲ್ಲಿ ಉಂಟು. ವಾಸನೆಯ ತರಕಾರಿಗಳಿಗೆ ಮಡಿಯಲ್ಲಿ ಜಾಗ ಕಡಿಮೆ. ಬೆವರಿನ ವಾಸನೆಗೆ ಜಾಗ ಕೊಡದವರು ಮೂಲಂಗಿಗೆ ಕೊಟ್ಟಾರೆಯೇ?

ಈಗ ನಮ್ಮ ಸೂಚನೆಯ ಕಡೆಗೆ. ಹಳೆಯ ಹತ್ತಿ ಗಿರಣಿಗಳಲ್ಲಿ ಹಲವು ಬಾಗಿಲು ಹಾಕಿ ದಶಕಗಳಾದವು. ಆದರೆ ನೂಲಿನ ಗಿರಣಿ, ಅಕ್ಕಿ ಗಿರಣಿ, ಸಿದ್ಧ ಉಡುಪಿನ ಕಾರ್ಖಾನೆ ಎಂದು ಇಂದಿಗೂ ಜಿಲ್ಲೆಯ ಊರುಗಳಲ್ಲಿ ಸಾವಿರಾರು ಮಂದಿ ಪಾಳಿಯಲ್ಲಿ ದುಡಿಯುತ್ತಾರೆ. 1948ರ ಕಾರ್ಖಾನೆ ಕಾಯಿದೆ 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಡೆ ಕ್ಯಾಂಟೀನು ನಡೆಸಬೇಕೆಂದೂ, ಅದರ ಸಮಿತಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳಿರಬೇಕೆಂದೂ ದಾರಿ ಮಾಡಿತ್ತು. 2020ರ ಸಂಹಿತೆ ಆ ಸಂಖ್ಯೆಯನ್ನು 100ಕ್ಕೆ ಇಳಿಸಿದೆ. ಆ ಸಂಹಿತೆಗಳೊಂದಿಗೆ ನಮಗೆ ನೂರು ತಕರಾರಿದ್ದರೂ ಇದೊಂದನ್ನು ಬಳಸಿಕೊಳ್ಳಬೇಕು. ಕ್ಯಾಂಟೀನಿನ ತರಕಾರಿಯನ್ನು ಯಾರು ತರುತ್ತಾರೆ, ಎಲ್ಲಿಂದ, ಯಾವ ದರಕ್ಕೆ ಎಂದು ಎಷ್ಟು ಸಂಘಗಳು ಕೇಳಿವೆ?

ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈಜಿಪ್ಟಿನ ದೊಡ್ಡ ಪಿರಮಿಡ್ಡಿನ ಮೇಲೆ ಒಂದು ಬರಹ ಕಂಡನಂತೆ. ಕಟ್ಟಿದ ಕೂಲಿಗಳ ಮೂಲಂಗಿ, ಈರುಳ್ಳಿ, ಬೆಳ್ಳುಳ್ಳಿಗೆ ಖರ್ಚಾದ ಹಣ 1,600 ತಲಾಂತು ಬೆಳ್ಳಿ ಎಂದು ಅದರಲ್ಲಿದೆಯೆಂದು ದುಭಾಷಿ ಓದಿ ಹೇಳಿದನಂತೆ. ಪಿರಮಿಡ್ಡು ಕಟ್ಟಿ ಎರಡು ಸಾವಿರ ವರ್ಷವಾದ ಮೇಲೆ ಕೇಳಿದ ಮಾತು, ದುಭಾಷಿ ಸುಳ್ಳು ಹೇಳಿರಲೂಬಹುದು. ಆದರೂ ಫೆರೋ ದೊರೆಯ ಕಾಲದಲ್ಲಿಯೂ ಕೂಲಿಯ ಮೂಲಂಗಿ ಲೆಕ್ಕಪುಸ್ತಕಕ್ಕೆ ಬರುತ್ತಿತ್ತು ಎಂಬ ನಂಬಿಕೆಯಾದರೂ ಜನಕ್ಕಿತ್ತು. ನಮ್ಮ ಗಿರಣಿಗಳಲ್ಲಿ ಕ್ಯಾಂಟೀನು ಗುತ್ತಿಗೆಯವನ ಪುಸ್ತಕವನ್ನು ಕಣ್ಣಾರೆ ಕಂಡ ಕಾರ್ಮಿಕ ಯಾರು?

ಲೆಕ್ಕ ಹಾಕಿ ನೋಡೋಣ. ಮುನ್ನೂರು ಜನ ಉಣ್ಣುವ ಒಂದು ಕ್ಯಾಂಟೀನು, ವಾರಕ್ಕೆ ಮೂರು ದಿನ ಮೂಲಂಗಿ, ತಲೆಗೆ 50 ಗ್ರಾಂ ಎಂದು ಹಿಡಿಯಿರಿ. ಒಂದು ದಿನಕ್ಕೆ 15 ಕಿಲೋ, ವಾರಕ್ಕೆ 45 ಕಿಲೋ. ಎಕರೆಗೆ 8 ಟನ್ ಇಳುವರಿ ಎಂದು ಬಿಗಿಯಾಗಿಯೇ ಹಿಡಿದರೂ ಒಂದು ಗುಂಟೆಗೆ 200 ಕಿಲೋ. ಎಂದರೆ ವಾರಕ್ಕೆ ಕಾಲು ಗುಂಟೆ ಬಿತ್ತಿದರೆ ಸಾಕು. ಬೆಳೆ ಏಳು ವಾರ ನೆಲದಲ್ಲಿರುವುದರಿಂದ ಒಟ್ಟು ಎರಡು ಗುಂಟೆಗಿಂತ ಕಡಿಮೆ ನೆಲ. ಮುನ್ನೂರು ಕಾರ್ಮಿಕರ ಮೂಲಂಗಿಯನ್ನು ಎರಡು ಗುಂಟೆ ನೆಲ ಕೊಡುತ್ತದೆ! ಒಂದೇ ಬಾರಿಗೆ ಒಂದು ಎಕರೆ ಬಿತ್ತಿ ಸಂಕ್ರಾಂತಿಯಲ್ಲಿ ದನಕ್ಕೆ ಹಾಕುವ ರೈತ, ಅದೇ ಎಕರೆಯ ಒಂದು ಮೂಲೆಯಲ್ಲಿ ವಾರವಾರ ಕಾಲು ಗುಂಟೆ ಬಿತ್ತಿ ಮಿಕ್ಕ ನೆಲಕ್ಕೆ ಬೇರೆ ಬೆಳೆ ಹಾಕಬಹುದು. ಆದರೆ ಅವನು ಹಾಗೆ ಮಾಡಬೇಕಾದರೆ ಕೊಳ್ಳುವವನು ಮೊದಲೇ ಮಾತು ಕೊಟ್ಟಿರಬೇಕು.

ಆ ಮಾತಿನಲ್ಲಿ ಎರಡು ಬೆಲೆಗಳಿರಬೇಕು. ಮಾಗಿಯಲ್ಲಿ ಇದಕ್ಕಿಂತ ಕಡಿಮೆ ಕೊಡುವುದಿಲ್ಲ, ಬೇಸಗೆಯಲ್ಲಿ ಇದಕ್ಕಿಂತ ಹೆಚ್ಚು ಕೇಳುವುದಿಲ್ಲ. ಚಳಿಗಾಲದಲ್ಲಿ ಪೇಟೆಯಲ್ಲಿ ಅಗ್ಗವಾಗಿದ್ದರೂ ಕಾರ್ಮಿಕ ಸ್ವಲ್ಪ ಹೆಚ್ಚು ಕೊಡುತ್ತಾನೆ. ಬೇಸಗೆಯಲ್ಲಿ ಪೇಟೆಯಲ್ಲಿ ತುಟ್ಟಿಯಾಗಿದ್ದರೂ ರೈತ ಸ್ವಲ್ಪ ಕಡಿಮೆಗೆ ಕೊಡುತ್ತಾನೆ. ಇಬ್ಬರೂ ವರ್ಷದಲ್ಲಿ ಕೆಲವು ವಾರ ನಷ್ಟವನ್ನು ನುಂಗಲೇಬೇಕು, ಇದನ್ನು ಮುಚ್ಚಿಡುವುದು ಸರಿಯಲ್ಲ. ಇನ್ನು ತುಟ್ಟಿಭತ್ಯೆ ಬರುತ್ತದಲ್ಲ ಎನ್ನುವವರಿಗೆ: ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕದಲ್ಲಿ ಆಹಾರದ ಪಾಲು ಹಿಂದಿನ 2001ರ ಸರಣಿಯಲ್ಲಿ ನೂರಕ್ಕೆ 46.2 ಇದ್ದುದು 2016ರ ಸರಣಿಯಲ್ಲಿ 39.17ಕ್ಕೆ ಇಳಿದಿದೆ. ತರಕಾರಿ ಏರಿದಾಗ ಸೂಚ್ಯಂಕಕ್ಕೆ ತಗಲುವ ಬಿಸಿ ಹಿಂದಿಗಿಂತ ಕಡಿಮೆ. ಅದೂ ಭತ್ಯೆಯಾಗಿ ಕೈಗೆ ಬರುವ ಹೊತ್ತಿಗೆ ಆ ಬೇಸಗೆ ಕಳೆದು ಇನ್ನೊಂದು ಬಂದಿರುತ್ತದೆ.

ಬುಟ್ಟಿಯ ವ್ಯಾಪಾರಿಯನ್ನು ಇದರಿಂದ ಹೊರಗೆ ಹಾಕುವುದು ನಮ್ಮ ಉದ್ದೇಶವಲ್ಲ. ಹೊಲದಿಂದ ತರುವುದು, ತೊಳೆಯುವುದು, ಆರಿಸುವುದು, ಬಟವಾಡೆಯ ದಿನ ಗಿರಣಿಯ ಬಾಗಿಲಲ್ಲಿ ಮನೆಗೆ ಒಯ್ಯುವವರಿಗೆ ಮಾರುವುದು, ಇದು ಅವಳ ಕೆಲಸ. ಕಿಲೋಗೆ ಇಷ್ಟು ಎಂದು ಗೊತ್ತಾದ ಕೂಲಿ ಅವಳಿಗೆ ಸಲ್ಲಬೇಕು. ಅವಳಿಗೆ ನಸುಕಿನ ಸಾಲವೂ ತಪ್ಪುತ್ತದೆ, ಸಂಜೆಯ ಉಳಿಕೆಯೂ ತಪ್ಪುತ್ತದೆ. ವ್ಯಾಪಾರಿಗಳನ್ನು ಬಿಟ್ಟು ನಡೆಸಿದ ಗಿರಣಿ ಸೊಸೈಟಿ ಅಂಗಡಿಗಳ ಅನುಭವ ಸಿಹಿಯಾದುದಲ್ಲ. ಕಾರ್ಯದರ್ಶಿಯ ಬೀಗರಿಗೆ ಒಳ್ಳೆಯ ಅಕ್ಕಿ, ಸದಸ್ಯರಿಗೆ ನುಚ್ಚು ಎಂಬ ಮಾತು ಎಷ್ಟು ಊರುಗಳಲ್ಲಿ ಕೇಳಿಲ್ಲ? ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. 1959ರಲ್ಲಿ ಬೆಂಗಳೂರಿನಲ್ಲಿ ಮರೀಗೌಡರ ಮುಂದಾಳುತನದಲ್ಲಿ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಹುಟ್ಟಿದ್ದೇ ಮುಂದೆ ಹಾಪ್‌ಕಾಮ್ಸ್ ಆಯಿತು. ಬೆಳೆದವರ ಸಂಘ, ಹಲಗೆಯ ಮೇಲೆ ಬರೆದ ದರ, ತಕ್ಕಡಿಯಲ್ಲಿ ತೂಕ. ಅದರ ಕುಂದುಕೊರತೆ ಏನೇ ಇರಲಿ, ಅಂದಿನ ದರವನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಬರೆದಿಡುವ ಪದ್ಧತಿಯೊಂದನ್ನಾದರೂ ಅದರಿಂದ ಕಲಿಯಬಹುದು.

ಮಾಲೀಕರು ಒಪ್ಪುತ್ತಾರೆಯೇ ಎಂದು ಕೇಳುವವರಿದ್ದಾರೆ. ಎರಡು ಗುಂಟೆ ಮೂಲಂಗಿಗೆ ಮಾಲೀಕರ ಅಪ್ಪಣೆ ಏಕೆ? ಕ್ಯಾಂಟೀನು ಸಮಿತಿ ಇರುವ ಕಡೆ ಪ್ರತಿನಿಧಿಗಳು ಮುಂದಿನ ಸಭೆಯಲ್ಲಿ ಎತ್ತಲಿ. ಸಮಿತಿ ಇಲ್ಲದ ಕಡೆ ಮೊದಲು ಸಮಿತಿಯನ್ನೇ ಕೇಳಲಿ. ನೂರಕ್ಕಿಂತ ಕಡಿಮೆ ಜನರಿರುವ ಸಣ್ಣ ಗಿರಣಿಗಳಲ್ಲಿ ನಲವತ್ತು ಮನೆಗಳು ಸೇರಿ ಒಬ್ಬ ರೈತನೊಂದಿಗೆ, ಒಬ್ಬ ಬುಟ್ಟಿಯವಳೊಂದಿಗೆ ಮಾತಾಡಿಕೊಳ್ಳಬಹುದು; ಮನೆಗೆ ವಾರಕ್ಕೆ ಒಂದು ಕಿಲೋ ಎಂದರೆ ಅದೂ 40 ಕಿಲೋ ಆಯಿತು. ಹಸ್ತ ಮಳೆಗೆ ಮೊದಲ ಕಾಲು ಗುಂಟೆ ಅರ್ಕಾ ನಿಶಾಂತ್, ಆಮೇಲೆ ವಾರಕ್ಕೊಂದು ಮಡಿ. ಫೆಬ್ರುವರಿ ಕೊನೆಯಿಂದ ಚೇತ್ಕಿ, ಮಡಿಯ ಪಡುವಣ ಬದಿಗೆ ಒಂದು ಸಾಲು ಜೋಳ ಅಥವಾ ಅಗಸೆ ನೆರಳಿಗೆ. ಎಕರೆಗೆ 4-5 ಕಿಲೋ ಬೀಜದ ಲೆಕ್ಕದಲ್ಲಿ ವಾರಕ್ಕೆ ಬೇಕಾಗುವುದು 30 ಗ್ರಾಂ. ಬೀಜ ಕೊಳ್ಳುವಾಗ ಡಬ್ಬಿಯ ಮೇಲಿನ ತಾರೀಖು ನೋಡಬೇಕು, ರಸೀದಿ ಬರೆಸಿಕೊಳ್ಳಬೇಕು.